ಕಲ್ಲು ಹತ್ತುವ ಮಗಳು

ಬ್ರಹ್ಮಾವರದ ಸೋದರಿಯೊಬ್ಬರು ಬರೆದ ಪತ್ರ ಈ ವಾರ ನನ್ನ ಮೇಜಿನ ಮೇಲಿದೆ. ದೀರ್ಘವಾದ ಪತ್ರ, ಸಾರಾಂಶವನ್ನಷ್ಟೇ ಇಲ್ಲಿ ಕೊಡುತ್ತೇನೆ. ಅವರ ಮಗಳು ಬೆಂಗಳೂರಿನ ಕಾಲೇಜೊಂದರಲ್ಲಿ ಓದುತ್ತಿದ್ದಾಳೆ, ವಯಸ್ಸು ೧೯. ಶನಿವಾರ ಭಾನುವಾರ ಬಂತೆಂದರೆ ಗೆಳತಿಯರೊಡನೆ ಕಲ್ಲು ಹತ್ತಲು ಹೊರಡುತ್ತಾಳೆ. ಹಗ್ಗವಿಲ್ಲ, ಸೊಂಟಕ್ಕೆ ಪಟ್ಟಿಯಿಲ್ಲ, ಬರಿಗೈ. ಈಚೆಗೆ ಒಂದು ಸ್ಪರ್ಧೆಯಲ್ಲಿ ಭಾಗವಹಿಸಿ, ಅಲ್ಲಿ ತೆಗೆದ ಹತ್ತಿಪ್ಪತ್ತು ಛಾಯಾಚಿತ್ರಗಳನ್ನು ಮನೆಯವರೆಲ್ಲರ ಫೋನಿಗೂ ಕಳುಹಿಸಿದಳಂತೆ. ಒಂದು ಚಿತ್ರದಲ್ಲಿ ಹುಡುಗಿಯ ಕಾಲುಗಳೆರಡೂ ಗಾಳಿಯಲ್ಲಿ ತೇಲುತ್ತಿವೆ. ಇಡೀ ದೇಹದ ಭಾರ ಬೆರಳ ತುದಿಗಳಲ್ಲಿದೆ. ಕುಂದಾಪುರದ ದೊಡ್ಡಪ್ಪ ಅದನ್ನು ನೋಡಿ ರೇಗಿದರು. ಬೈಂದೂರಿನ ಅಜ್ಜಿ, "ಎಂತಾ ಮರ್ಲ್ ಹೆಣೆ ನಿಂಗೆ?" ಎಂದು ಫೋನಿನಲ್ಲಿಯೇ ಕೇಳಿದರು. ತಾಯಿಯವರು, ಇನ್ನು ಮುಂದೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದರು. ಮಗಳು ವಾದಿಸಲಿಲ್ಲ. ಆದರೆ ಅಂದಿನಿಂದ ಚಿತ್ರಗಳು ಬರುವುದು ನಿಂತಿದೆ. "ಹೋಗುವುದನ್ನು ನಿಲ್ಲಿಸಿದಳೋ, ಹೇಳುವುದನ್ನು ನಿಲ್ಲಿಸಿದಳೋ ತಿಳಿಯದು. ನಾನು ಮಾಡಿದ್ದು ಸರಿಯೇ?" ಎಂದು ಪತ್ರ ಮುಗಿಯುತ್ತದೆ.

ಪ್ರಶ್ನೆ ಒಬ್ಬ ತಾಯಿಯದಾದರೂ ಅನೇಕ ಮನೆಗಳದು. ಮಕ್ಕಳು ನಾವು ಕಂಡರಿಯದ ಆಟಗಳನ್ನು ಕಲಿಯುತ್ತಿರುವ ಕಾಲವಿದು. ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟುಗಳಾದರೆ ಅಪಾಯವೆಷ್ಟು, ಲಾಭವೆಷ್ಟು ಎಂಬ ಅಂದಾಜು ಹಿರಿಯರಿಗೆ ಉಂಟು. ಈ ಕಲ್ಲು ಹತ್ತುವ ಆಟದ ಅಂದಾಜು ನಮಗಿಲ್ಲ. ಅಂದಾಜಿಲ್ಲದ ಕಡೆ ಭಯ ಬೇಗ ಬಂದು ಕುಳಿತುಕೊಳ್ಳುತ್ತದೆ. ಆದುದರಿಂದ ತೀರ್ಪು ಹೇಳುವ ಮೊದಲು ಈ ಆಟವೇನೆಂಬುದನ್ನು ತಿಳಿಯೋಣ.

ಬೆಟ್ಟದ ಕಡಿದಾದ ಮೈಯನ್ನು ಹಗ್ಗ ಕೊಂಡಿಗಳ ನೆರವಿನಿಂದ ಏರುವುದಕ್ಕೆ ಶಿಲಾರೋಹಣವೆಂದು ಹೆಸರು. ಬೋಲ್ಡರಿಂಗ್ ಎಂಬುದು ಅದರ ತಂಗಿ. ಇಲ್ಲಿ ಏರುವುದು ಬೆಟ್ಟವನ್ನಲ್ಲ, ಗುಂಡುಕಲ್ಲನ್ನು. ಸಾಮಾನ್ಯವಾಗಿ ಹತ್ತು ಹದಿನೈದು ಅಡಿಯ ಬಂಡೆ. ಕೆಳಗೆ ದಪ್ಪನೆಯ ಮೆತ್ತೆ. ಹಿಂದೆ ಕೈಯೆತ್ತಿ ನಿಂತ ಒಬ್ಬಿಬ್ಬರು ಜೊತೆಗಾರರು. ಎತ್ತರ ಕಡಿಮೆಯಾದುದರಿಂದಲೇ ಹಗ್ಗವಿಲ್ಲ. ಕಷ್ಟವಿರುವುದು ಎತ್ತರದಲ್ಲಿ ಅಲ್ಲ, ನಡೆಗಳಲ್ಲಿ. ಬೆರಳಿನ ಒಂದು ಗೆಣ್ಣು ಮಾತ್ರ ಹಿಡಿಸುವ ಸಂದು, ಹೆಬ್ಬೆರಳ ತುದಿಯಷ್ಟೇ ಊರಬಹುದಾದ ಉಬ್ಬು, ಇವುಗಳ ನಡುವೆ ದೇಹವನ್ನು ಹೇಗೆ ತಿರುಗಿಸಿದರೆ ಮೇಲೆ ಹೋಗಬಹುದೆಂಬುದು ಒಂದು ಲೆಕ್ಕ. ಆಟಗಾರರು ಪ್ರತಿಯೊಂದು ಬಂಡೆಯ ದಾರಿಯನ್ನೂ "ಸಮಸ್ಯೆ" ಎಂದೇ ಕರೆಯುತ್ತಾರೆ. ಆ ಮಾತು ಸುಮ್ಮನೆ ಬಂದುದಲ್ಲ. ಆಧುನಿಕ ಬೋಲ್ಡರಿಂಗಿನ ಪಿತಾಮಹನೆನಿಸಿದ ಅಮೆರಿಕದ ಜಾನ್ ಗಿಲ್ ವೃತ್ತಿಯಿಂದ ಗಣಿತದ ಪ್ರಾಧ್ಯಾಪಕರು. ೧೯೫೦ರ ದಶಕದಲ್ಲಿ ಅವರು ಜಿಮ್ನಾಸ್ಟಿಕ್ಸಿನ ಶಿಸ್ತನ್ನು ಬಂಡೆಗೆ ತಂದರು. ಬೆವರಿದ ಕೈ ಜಾರದಿರಲೆಂದು ಜಿಮ್ನಾಸ್ಟರು ಹಚ್ಚಿಕೊಳ್ಳುತ್ತಿದ್ದ ಬಿಳಿಯ ಪುಡಿಯನ್ನೂ ತಂದರು. ಸೋದರಿಯ ಪತ್ರದಲ್ಲಿ "ಸೊಂಟಕ್ಕೆ ಸುಣ್ಣದ ಚೀಲ ಕಟ್ಟಿಕೊಂಡಿದ್ದಾಳೆ" ಎಂದಿದೆ. ಅದು ಸುಣ್ಣವಲ್ಲ, ಮೆಗ್ನೀಸಿಯಂ ಕಾರ್ಬೊನೇಟ್.

ಫ್ರಾನ್ಸಿನಲ್ಲಿ ಈ ಆಟ ಇನ್ನೂ ಹಳೆಯದು. ಪ್ಯಾರಿಸ್ಸಿನ ಬಳಿ ಫಾಂಟೆನ್‌ಬ್ಲೋ ಎಂಬ ಅರಣ್ಯವಿದೆ. ಅಲ್ಲಿನ ಮರಳುಗಲ್ಲಿನ ಗುಂಡುಗಳ ಮೇಲೆ ಪಟ್ಟಣಿಗರು ವಾರದ ಕೊನೆಯನ್ನು ಕಳೆಯುವುದು ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ರೂಢಿ. ೧೯೪೭ರಲ್ಲಿ ಅಲ್ಲಿ ಮೊದಲ ಬಾರಿಗೆ ಬಣ್ಣದ ಗುರುತು ಹಾಕಿ, ಒಂದು ಬಂಡೆಯಿಂದ ಇನ್ನೊಂದಕ್ಕೆ ಸಾಗುವ ಸುತ್ತುದಾರಿಯನ್ನು ರಚಿಸಿದರು. ಅಜ್ಜ, ಮೊಮ್ಮಕ್ಕಳು ಬುತ್ತಿ ಕಟ್ಟಿಕೊಂಡು ಹೋಗಿ ತಂತಮ್ಮ ಶಕ್ತಿಗೆ ತಕ್ಕ ಕಲ್ಲು ಹತ್ತಿ ಬರುವರು. ಅಲ್ಲಿ ಅದು ಸಾಹಸಕ್ಕಿಂತ ಹೆಚ್ಚಾಗಿ ಕುಟುಂಬದ ವನಭೋಜನ.

ಇನ್ನು ಆ ಛಾಯಾಚಿತ್ರದ ವಿಚಾರ. ನನಗೆ ತೋರುವ ಮಟ್ಟಿಗೆ ಈ ಮನೆಯ ಅರ್ಧ ಕಲಹಕ್ಕೆ ಕಾರಣ ಕ್ಯಾಮರಾ. ಬಂಡೆಯ ಬುಡದಲ್ಲಿ ನೆಲಕ್ಕೆ ಮಲಗಿದಂತೆ ಕುಳಿತು ಮೇಲ್ಮುಖವಾಗಿ ಚಿತ್ರ ತೆಗೆದರೆ ಹನ್ನೆರಡು ಅಡಿಯ ಕಲ್ಲು ನೂರಿಪ್ಪತ್ತು ಅಡಿಯದಾಗಿ ಕಾಣುತ್ತದೆ. ಅಗಲನೋಟದ ಮಸೂರವಾದರೆ ಇನ್ನೂ ಹೆಚ್ಚು. ಛಾಯಾಗ್ರಾಹಕನು ಚೌಕಟ್ಟಿನಿಂದ ನೆಲವನ್ನು ಬಿಟ್ಟನೆಂದರೆ ಮೆತ್ತೆ ಹೋಯಿತು, ಕೈಯೆತ್ತಿ ನಿಂತ ಗೆಳತಿ ಹೋದಳು. ಉಳಿದದ್ದು ಆಕಾಶ ಮತ್ತು ಮಗಳು. ಅವನ ಉದ್ದೇಶ ಮೋಸವಲ್ಲ. ಹತ್ತುವವಳ ಏಕಾಗ್ರತೆಯನ್ನು ತೋರಿಸಲು ಉಳಿದುದನ್ನೆಲ್ಲ ಕಳೆಯುವುದು ಅವನ ಕಲೆಯ ರೀತಿ. ಆದರೆ ಬ್ರಹ್ಮಾವರದ ಅಡಿಗೆಮನೆಯಲ್ಲಿ ನಿಂತು ಆ ಚಿತ್ರ ನೋಡುವ ತಾಯಿಗೆ ಕಳೆದುಹೋದುದೇ ಮುಖ್ಯ. ಮಕ್ಕಳಿಗೆ ನನ್ನದೊಂದು ಸೂಚನೆ: ಮನೆಗೆ ಕಳುಹಿಸುವಾಗ ಮೆತ್ತೆಯೂ ಗೆಳತಿಯರೂ ಕಾಣುವ ಒಂದು ಚಿತ್ರವನ್ನು ಜೊತೆಗೆ ಸೇರಿಸಿರಿ.

ಶಿಲಾರೋಹಣದ ಛಾಯಾಗ್ರಹಣ ಸುಲಭದ ಕೆಲಸವಲ್ಲವೆಂಬುದನ್ನೂ ಹೇಳಬೇಕು. ನೆಲದಲ್ಲಿ ನಿಂತವನಿಗೆ ಸಿಕ್ಕುವುದು ಹತ್ತುವವರ ಬೆನ್ನು ಮಾತ್ರ. ಮುಖ ಬೇಕೆಂದರೆ ಅವನು ಪಕ್ಕದ ಬಂಡೆಯನ್ನೇರಿ ಕಾಯಬೇಕು. ಕೈ ಚಿಮ್ಮಿ ಮುಂದಿನ ಹಿಡಿಯನ್ನು ಮುಟ್ಟುವ ಗಳಿಗೆ ಕ್ಷಣದೊಂದು ಅಂಶ; ಕಂಡ ಮೇಲೆ ಗುಂಡಿ ಒತ್ತಿದರೆ ತಪ್ಪಿತು, ಬರುವುದನ್ನು ಊಹಿಸಿಯೇ ಒತ್ತಬೇಕು. ಅದಕ್ಕೆ ಅವನೂ ಆ ಸಮಸ್ಯೆಯನ್ನು ಮನಸ್ಸಿನಲ್ಲಿ ಬಿಡಿಸಿರಬೇಕು. ಹತ್ತುವವರ ಕಣ್ಣಿಗೆ ಮಿಂಚು ಹೊಡೆಯಬಾರದೆಂದು ತಿಳಿದವರು ಫ್ಲಾಷ್ ಬಳಸುವುದಿಲ್ಲ. ಬೆಳಗಿನ ಇಲ್ಲವೆ ಸಂಜೆಯ ಓರೆ ಬಿಸಿಲಿಗಾಗಿ ಕಾಯುತ್ತಾರೆ. ಆಗ ಕಲ್ಲಿನ ಒಂದೊಂದು ಹರಳೂ ನೆರಳು ಬೀಳಿಸಿ, ಆ ಬೆರಳುಗಳು ಯಾವುದನ್ನು ಹಿಡಿದಿವೆಯೆಂಬುದು ಚಿತ್ರದಲ್ಲಿ ತಿಳಿಯುತ್ತದೆ.

ಸ್ಪರ್ಧೆಯೆಂದರೆ ಏನು ನಡೆಯುತ್ತದೆ? ಮೊದಮೊದಲು ಸ್ಪರ್ಧೆಗಳು ನಿಜವಾದ ಬೆಟ್ಟದಲ್ಲಿಯೇ ನಡೆದವು. ೧೯೮೫ರಲ್ಲಿ ಇಟಲಿಯ ಬಾರ್ಡೊನೆಕಿಯಾ ಬಳಿ ನಡೆದ ಪ್ರಸಿದ್ಧ ಸ್ಪರ್ಧೆಯಲ್ಲಿ ಜರ್ಮನಿಯ ಸ್ಟೆಫಾನ್ ಗ್ಲೋವಾಚ್, ಫ್ರಾನ್ಸಿನ ಕ್ಯಾಥರೀನ್ ಡೆಸ್ಟಿವೆಲ್ ಗೆದ್ದರು. ಆದರೆ ಬೆಟ್ಟವು ಸ್ಪರ್ಧೆಗೆ ಸಮನಾದ ಅಂಗಳವಲ್ಲ; ಒಂದು ಹಿಡಿ ಮುರಿದರೆ ಮುಂದಿನವರಿಗೆ ಅನ್ಯಾಯ; ಜನಸಂದಣಿಯಿಂದ ಬೆಟ್ಟಕ್ಕೂ ಹಾನಿ. ಹೀಗಾಗಿ ಸ್ಪರ್ಧೆಗಳು ಕೃತಕ ಗೋಡೆಗೆ ಬಂದವು. ಬೋಲ್ಡರಿಂಗ್ ಗೋಡೆಯ ಎತ್ತರ ಸುಮಾರು ೧೪-೧೫ ಅಡಿ. ಅದಕ್ಕೆ ಬಣ್ಣಬಣ್ಣದ ಹಿಡಿಗಳು. ಕೆಳಗೆ ಅಂಗಳವಿಡೀ ಮೆತ್ತೆ. ಪ್ರತಿಯೊಂದು ಸಮಸ್ಯೆಗೂ ನಾಲ್ಕೈದು ನಿಮಿಷಗಳ ಗಡುವು. ಮೇಲಿನ ಕೊನೆಯ ಹಿಡಿಯನ್ನು ಎರಡೂ ಕೈಗಳಿಂದ ಸ್ಥಿರವಾಗಿ ಹಿಡಿದರೆ ಪೂರ್ಣ ಅಂಕ. ನಡುವಿನ ಗೊತ್ತಾದ ಹಿಡಿಯವರೆಗೆ ಹೋದರೆ ಭಾಗಶಃ ಅಂಕ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪೂರ್ಣ ಏರಿದವರಿಗೆ ೨೫ ಅಂಕ. ವಿಫಲವಾದ ಒಂದೊಂದು ಯತ್ನಕ್ಕೂ ಹತ್ತನೆಯ ಒಂದಂಶದಷ್ಟು ಕಡಿತ. ಹತ್ತು ಸಲ ಬಿದ್ದರೂ ಕಳೆದುಕೊಳ್ಳುವುದು ಒಂದೇ ಅಂಕ! ಬೀಳುವುದನ್ನು ಇಷ್ಟು ಅಗ್ಗವಾಗಿಸಿ, ಮತ್ತೆ ಏಳುವುದಕ್ಕೆ ಇಷ್ಟು ಬೆಲೆ ಕೊಟ್ಟ ಆಟಗಳು ಹೆಚ್ಚಿಲ್ಲ.

ಈ ಕ್ರೀಡೆ ಒಲಿಂಪಿಕ್ಸಿಗೆ ಬಂದದ್ದು ಟೋಕಿಯೋದಲ್ಲಿ, ೨೦೨೧ರಲ್ಲಿ. ಅಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಮಹಿಳೆಯರ ಸಂಯುಕ್ತ ಸ್ಪರ್ಧೆಯ ಚಿನ್ನ ಗೆದ್ದಾಕೆ ಸ್ಲೊವೇನಿಯಾ ಎಂಬ ಪುಟ್ಟ ದೇಶದ ಯಾನ್ಯಾ ಗಾರ್ನ್‌ಬ್ರೆಟ್. ನಮ್ಮ ದೇಶದಲ್ಲಿ ಸ್ಪರ್ಧೆಗಳ ಹೊಣೆ ಹೊತ್ತಿರುವುದು ಭಾರತೀಯ ಪರ್ವತಾರೋಹಣ ಪ್ರತಿಷ್ಠಾನ. ವಲಯ ಮಟ್ಟದ, ರಾಷ್ಟ್ರ ಮಟ್ಟದ ಸ್ಪರ್ಧೆಗಳು ನಡೆಯುತ್ತವೆ. ೨೦೧೬ರಲ್ಲಿ ನವಿ ಮುಂಬಯಿಯಲ್ಲಿ ಬೋಲ್ಡರಿಂಗಿನ ವಿಶ್ವಕಪ್ ಸುತ್ತೊಂದು ಜರುಗಿತು. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯ ಮೇಲೆ ಕೈ ಪಳಗಿಸಿಕೊಂಡ ಕನ್ನಡದ ಮಕ್ಕಳು ಹಲವರು.

ಅಂತಿಮ ಸುತ್ತಿನ ಒಂದು ಪದ್ಧತಿಯನ್ನು ಕೇಳಿದಾಗ ನನಗೆ ಈ ಆಟದ ಮೇಲೆ ಗೌರವ ಹುಟ್ಟಿತು. ಸ್ಪರ್ಧಿಗಳನ್ನು ಮೊದಲು ಒಂದು ಪ್ರತ್ಯೇಕ ಕೋಣೆಯಲ್ಲಿ ಇರಿಸುತ್ತಾರೆ. ಒಬ್ಬರು ಹತ್ತುವುದನ್ನು ಮತ್ತೊಬ್ಬರು ನೋಡಿ ಕಲಿಯಬಾರದು. ಆದರೆ ಆರಂಭಕ್ಕೆ ಮುನ್ನ ಎಲ್ಲರನ್ನೂ ಒಟ್ಟಾಗಿ ಹೊರಗೆ ಕರೆತಂದು, ಒಂದೊಂದು ಗೋಡೆಯ ಮುಂದೆಯೂ ಒಂದೆರಡು ನಿಮಿಷ ನಿಲ್ಲಿಸುತ್ತಾರೆ. ಆಗ ಈ ಪ್ರತಿಸ್ಪರ್ಧಿಗಳು ಏನು ಮಾಡುವರು ಬಲ್ಲಿರಾ? ಗುಟ್ಟು ಮುಚ್ಚಿಡುವುದಿಲ್ಲ. "ಎಡಗೈ ಅಲ್ಲಿಗೆ, ಆಮೇಲೆ ಹಿಮ್ಮಡಿ ಇಲ್ಲಿಗೆ, ಹೀಗಾದರೆ ಹೇಗೆ?" ಎಂದು ಗಾಳಿಯಲ್ಲಿ ಕೈಯಾಡಿಸುತ್ತ ಒಬ್ಬರಿಗೊಬ್ಬರು ಸಲಹೆ ಕೊಡುವರು. ಇನ್ನು ಹತ್ತು ನಿಮಿಷದಲ್ಲಿ ಯಾರನ್ನು ಸೋಲಿಸಬೇಕೋ ಅವರಿಗೇ ದಾರಿ ಹೇಳಿಕೊಡುವರು! ಇಂಥ ಸುಳಿವಿಗೆ ಆಟಗಾರರ ಭಾಷೆಯಲ್ಲಿ "ಬೀಟಾ" ಎಂದು ಹೆಸರು; ಹಳೆಯ ವಿಡಿಯೋ ಟೇಪಿನ ಮಾದರಿಯೊಂದರಿಂದ ಬಂದ ಮಾತೆಂದು ಹೇಳುತ್ತಾರೆ. ಇಲ್ಲಿ ಎದುರಾಳಿ ಮನುಷ್ಯನಲ್ಲ, ಕಲ್ಲು. ಎಲ್ಲರೂ ಕಲ್ಲಿನ ಎದುರು ಒಂದೇ ಕಡೆಯವರು.

ಬಯಲಿನ ಬಂಡೆಯ ಬಳಿ ಈ ಸ್ನೇಹಕ್ಕೆ ಇನ್ನೊಂದು ರೂಪವುಂಟು. ಹಿಂದೆ ಕೈಯೆತ್ತಿ ನಿಂತವನ ಕೆಲಸ ಬೀಳುವವನನ್ನು ಎತ್ತಿಕೊಳ್ಳುವುದಲ್ಲ. ಅದು ಆಗದ ಮಾತು. ತಲೆ, ಬೆನ್ನು ನೆಲಕ್ಕೆ ಬಡಿಯದಂತೆ ಸೊಂಟಕ್ಕೆ ಕೈಕೊಟ್ಟು, ಕಾಲು ಮೊದಲು ಮೆತ್ತೆಗೆ ತಾಕುವಂತೆ ತಿರುಗಿಸುವುದು. ಅವನು ಒಂದು ಗಳಿಗೆಯೂ ಬೇರೆಡೆ ನೋಡಕೂಡದು, ಫೋನು ಮುಟ್ಟಕೂಡದು. ಒಬ್ಬರ ಮೂಳೆಗಳ ಹೊಣೆಯನ್ನು ಮತ್ತೊಬ್ಬರು ಹೊರುವ ಆಟವಿದು. ಸರದಿ ಬಂದಾಗ ಪಾತ್ರ ಅದಲುಬದಲು. ಇಂಥ ಎರಡು ದಿನ ಜೊತೆಯಲ್ಲಿ ಕಳೆದವರ ಗೆಳೆತನ ಚಹಾದಂಗಡಿಯ ಗೆಳೆತನಕ್ಕಿಂತ ಬೇರೆಯಾಗಿರುವುದು ಸಹಜವೇ.

ಕನ್ನಡ ನಾಡು ಈ ಆಟಕ್ಕೆ ಹೇಳಿ ಮಾಡಿಸಿದ ನೆಲ. ಹಂಪೆಯ ಗುಂಡುಗಳನ್ನು ನೋಡದವರಾರು? ಅದು ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್. ನೆಲದಾಳದಲ್ಲಿ ಬಿರುಕು ಬಿಟ್ಟ ಶಿಲೆ ನೀರಿನಿಂದ ಮೂಲೆಮೂಲೆ ಸವೆದು ಗುಂಡಾಗಿ, ಮೇಲಿನ ಮಣ್ಣು ಕೊಚ್ಚಿಹೋದಾಗ ರಾಶಿರಾಶಿಯಾಗಿ ಹೊರಗೆ ಬಂದದ್ದು. ತುಂಗಭದ್ರೆಯ ಉತ್ತರ ದಂಡೆಯಲ್ಲಿ ಆನೆಗೊಂದಿ, ಸಾಣಾಪುರಗಳ ಸುತ್ತ ಚಳಿಗಾಲದಲ್ಲಿ ದೇಶವಿದೇಶಗಳ ಆರೋಹಿಗಳು ಬೆನ್ನಿಗೆ ಮೆತ್ತೆ ಕಟ್ಟಿಕೊಂಡು ಓಡಾಡುವುದನ್ನು ಕಾಣಬಹುದು. ಅಮೆರಿಕದ ಪ್ರಸಿದ್ಧ ಆರೋಹಿ ಕ್ರಿಸ್ ಶರ್ಮಾ ಅಲ್ಲಿಗೆ ಬಂದುಹೋದ ಮೇಲೆ, ೨೦೦೩ರಲ್ಲಿ ಹೊರಬಂದ ಚಲನಚಿತ್ರದಿಂದ ಹಂಪೆಯ ಹೆಸರು ಈ ವಲಯದಲ್ಲಿ ಹರಡಿತು. ಕಪಿರಾಜ್ಯ ಕಿಷ್ಕಿಂಧೆಯೆಂದು ನಮ್ಮವರು ನಂಬಿದ ತಾಣಕ್ಕೇ ಜಗತ್ತಿನ ಹತ್ತುವವರೆಲ್ಲ ಬಂದರೆಂಬುದು ಸೊಗಸಾದ ಆಕಸ್ಮಿಕ. ಬಾದಾಮಿಯ ಕೆಂಪು ಮರಳುಗಲ್ಲು ಹಗ್ಗದ ಆರೋಹಣಕ್ಕೆ ಹೆಸರಾದದ್ದು. ಬೆಂಗಳೂರಿಗೆ ಹತ್ತಿರದ ತುರಹಳ್ಳಿ, ರಾಮನಗರ, ಸಾವನದುರ್ಗಗಳಲ್ಲಿ ವಾರದ ಕೊನೆಗೆ ಯುವಕ ಯುವತಿಯರ ಗುಂಪು ತಪ್ಪದು. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ಕಂಡು ಬೆರಗಾಗದವರಿಲ್ಲ. ಆದರೆ ಅವರದು ಬೇರೆ ದಾರಿ. ಅದನ್ನು ನೋಡಿ ಕೈತಟ್ಟಬಹುದು, ಮಕ್ಕಳು ಅನುಕರಿಸಬಾರದು.

ಪತ್ರ ಬರೆದ ಸೋದರಿಯ ಕರಾವಳಿಗೂ ಹತ್ತುವುದು ಹೊಸದಲ್ಲ. ಅಡಿಕೆಯ ತೋಟದಲ್ಲಿ ಕಾಲಿಗೆ ತಳೆ ಹಾಕಿ, ಐವತ್ತು ಅಡಿಯ ಮರವೇರಿ, ಕೊನೆ ಇಳಿಸಿ, ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುವ ಕೊನೆಗಾರನ ಕೌಶಲದ ಮುಂದೆ ಯಾವ ಪದಕ ದೊಡ್ಡದು? ದಿನವೂ ತೆಂಗಿನ ಮರವೇರಿ ಕಳ್ಳು ಇಳಿಸುವ ಮೂರ್ತೆದಾರರ ಪಾದಗಳಿಗಿರುವ ಅರಿವು ಹೊಸ ಬೂಟಿಗೆ ಬರಲಾರದು. ಅವರ ಕೆಳಗೆ ಮೆತ್ತೆಯಿಲ್ಲ. ಬಿದ್ದು ಬದುಕು ಕಳೆದುಕೊಂಡವರಿದ್ದಾರೆ. ಮಗಳ ಹದಿನಾಲ್ಕು ಅಡಿಗೆ ನಡುಗುವ ನಾವು ಅಂಗಳದ ಮರಕ್ಕೆ ಆಳನ್ನು ಹತ್ತಿಸುವಾಗ ಅವನಿಗೊಂದು ರಕ್ಷಣೆಯ ಪಟ್ಟಿ ಉಂಟೇ ಎಂದು ಕೇಳುತ್ತೇವೆಯೆ? ಕೃಷ್ಣಾಷ್ಟಮಿಯ ಮರುದಿನ ಉಡುಪಿಯ ವಿಟ್ಲಪಿಂಡಿಯಲ್ಲಿ ಮೊಸರುಕುಡಿಕೆ ಒಡೆಯುವ ಸಂಭ್ರಮ ಎಲ್ಲರಿಗೂ ಗೊತ್ತು. ಒಬ್ಬನ ಹೆಗಲ ಮೇಲೆ ಮತ್ತೊಬ್ಬ ನಿಂತು ಮೇಲೇರುವುದೂ, ಕೆಳಗಿನವನನ್ನು ನಂಬಿ ಏರುವ ಆಟವೇ ತಾನೆ?

ಹಾಗೆಂದು ಮನೆಯ ಹತ್ತಿರದ ಕಲ್ಲುಗಳನ್ನೆಲ್ಲ ಹತ್ತಬಹುದೆಂದು ಭಾವಿಸಬಾರದು. ಬೈಂದೂರಿನ ಒತ್ತಿನೆಣೆಯ ಕೆಳಗೆ ಸೋಮೇಶ್ವರದ ಕಡಲಂಚಿನ ಬಂಡೆಗಳು ಚಿತ್ರಕ್ಕೆ ಚೆಲುವು. ಆದರೆ ಉಪ್ಪುನೀರಿನಿಂದ ಒದ್ದೆಯಾದ ಪಾಚಿಗಲ್ಲಿನಲ್ಲಿ ಯಾವ ಬೂಟೂ ನಿಲ್ಲದು, ತೆರೆಗೆ ಗಡುವಿಲ್ಲ. ನಮ್ಮ ಮುರಕಲ್ಲು ಮನೆಕಟ್ಟಲು ಒಳ್ಳೆಯದು. ಬೆರಳಿನ ಭಾರಕ್ಕೆ ಪುಡಿಯಾಗಿ ಉದುರುವಂಥದು. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಕರಾವಳಿಯ ಕಲ್ಲನ್ನು ಮುಟ್ಟದಿರುವುದೇ ಲೇಸು. ೧೩೪೩ ಮೀಟರು ಎತ್ತರದ ಕೊಡಚಾದ್ರಿ, ಕೊಲ್ಲೂರಿನ ಸುತ್ತಣ ಕಾಡು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಮೊದಲು, ಉತ್ಸಾಹ ಆಮೇಲೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಷಟ್ಕೋನದ ಕಂಬಗಳು, ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಲಾವಾ ತಣ್ಣಗಾಗಿ ಮೂಡಿದವು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಕ್ಯಾಮರಾ ಸಾಕು, ಕೈ ಬೇಡ. ಹಂಪೆಯಲ್ಲಿಯೂ ಸಂರಕ್ಷಿತ ಸ್ಮಾರಕಗಳನ್ನಾಗಲಿ, ಅವುಗಳಿಗೆ ಆಧಾರವಾದ ಬಂಡೆಗಳನ್ನಾಗಲಿ ಮುಟ್ಟುವ ಮಾತೇ ಇಲ್ಲ.

ಕಲ್ಲಿಗೂ ಅಪಾಯವುಂಟೆಂಬುದನ್ನು ಈ ಮಕ್ಕಳಿಂದ ನಾವು ಕಲಿಯಬೇಕಾಗಿದೆ. ಜಲ್ಲಿಗಾಗಿ, ಕಟ್ಟಡಕ್ಕಾಗಿ ಬಂಡೆಗಳು ಒಡೆದು ಲಾರಿಯೇರಿ ಹೋಗುವುದು ನಾವು ದಿನವೂ ನೋಡುವ ನೋಟ. ನೋಡಿ ನೋಡಿ ಕಣ್ಣಿಗೆ ಕಾಣದಾಗಿದೆ. ಹೈದರಾಬಾದಿನಲ್ಲಿ ೧೯೯೬ರಲ್ಲಿ ಬಂಡೆಗಳನ್ನು ಉಳಿಸಲೆಂದೇ ಒಂದು ಸಂಘ ಹುಟ್ಟಿತು. ಬಂಡೆಗಳ ನಡುವೆ ಜನರನ್ನು ನಡೆಸಿಕೊಂಡು ಹೋಗುವುದೂ, ಛಾಯಾಚಿತ್ರಗಳ ಮೂಲಕ ಅವುಗಳ ಸೌಂದರ್ಯವನ್ನು ತೋರಿಸುವುದೂ ಅದರ ಕಾರ್ಯಗಳು. ಒಂದು ಕಲ್ಲಿನ ಒಂದೊಂದು ಉಬ್ಬುತಗ್ಗನ್ನೂ ಬೆರಳಿನಿಂದ ಬಲ್ಲವನು ಅದು ಜಲ್ಲಿಯಾಗುವುದನ್ನು ಸುಮ್ಮನೆ ನೋಡಲಾರ.

ಈಗ ತಾಯಿಯ ಪ್ರಶ್ನೆಗೆ ಬರೋಣ. ಅಪಾಯವಿಲ್ಲವೆಂದು ನಾನು ಹೇಳಲಾರೆ. ಕಣಕಾಲು ಉಳುಕುವುದು, ಮಣಿಕಟ್ಟು ಮುರಿಯುವುದು, ಬೆರಳಿನ ತಂತುಗಳು ಹರಿಯುವುದು ಈ ಆಟದಲ್ಲಿ ಉಂಟು. ಬಯಲಿನಲ್ಲಾದರೆ ಹೆಜ್ಜೇನು, ಹಾವು, ಚಿರತೆಗಳ ಭಯವೂ ಸೇರುತ್ತದೆ. ಆದುದರಿಂದ ತಾಯಿಯವರು ಮಗಳನ್ನು ಕೇಳಬೇಕಾದ ಪ್ರಶ್ನೆ "ಏಕೆ ಹೋಗುತ್ತೀ?" ಎಂಬುದಲ್ಲ. ಕಲಿಸುವವರು ಯಾರು, ಅವರಿಗೆ ತರಬೇತಿಯಾಗಿದೆಯೆ? ಬೀಳುವುದನ್ನು ಮೊದಲು ಕಲಿಸಿದರೆ? ಮೆತ್ತೆಗಳೆಷ್ಟು, ಹಿಂದೆ ನಿಲ್ಲುವವರಾರು? ಹೆಜ್ಜೇನಿನ ಗೂಡು ನೋಡಿಕೊಂಡಿರೆ? ಹತ್ತಿರದ ಆಸ್ಪತ್ರೆ ಎಲ್ಲಿ? ರಾತ್ರಿ ತಂಗುವುದೆಲ್ಲಿ, ಜೊತೆಗೆ ಯಾರು? ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಬಂದರೆ ಅರ್ಧ ಭಯ ಇಳಿಯಬೇಕು. ಬರದಿದ್ದರೆ, "ಉತ್ತರ ತಿಳಿದುಕೊಂಡು ಹೋಗು" ಎಂದು ಹೇಳುವ ಹಕ್ಕು ತಾಯಿಗೆ ಉಂಟು. ಇನ್ನೂ ಎಳೆಯ ಮಕ್ಕಳಾದರೆ, ಬೆಳೆಯುವ ಮೂಳೆಗಳ ಮೇಲೆ ಅತಿಯಾದ ಬೆರಳ ಕಸರತ್ತು ಬೀಳದಂತೆ ತರಬೇತಿಯವರು ನೋಡಿಕೊಳ್ಳಬೇಕು.

ಇನ್ನೊಂದು ಪ್ರಶ್ನೆಯನ್ನು ತಾಯಿಯಷ್ಟೇ ಕೇಳಬಲ್ಲಳು: ಹೊಟ್ಟೆತುಂಬ ಉಣ್ಣುತ್ತಿದ್ದೀಯಾ? ದೇಹ ಹಗುರವಾದಷ್ಟೂ ಏರುವುದು ಸುಲಭವೆಂಬ ತಪ್ಪು ತಿಳಿವಳಿಕೆಯಿಂದ ಊಟ ಬಿಡುವ ಆರೋಹಿಗಳು ಜಗತ್ತಿನಲ್ಲೆಲ್ಲ ಇದ್ದಾರೆ. ಇದರಿಂದ ಮೂಳೆ ಸೊರಗಿ, ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತು, ಆರೋಗ್ಯವೇ ಕೆಡುತ್ತದೆ. ಸ್ವತಃ ಗಾರ್ನ್‌ಬ್ರೆಟ್ ಇದರ ವಿರುದ್ಧ ಬಹಿರಂಗವಾಗಿ ದನಿಯೆತ್ತಿದ್ದಾರೆ. ೨೦೨೪ರಿಂದ ಅಂತರರಾಷ್ಟ್ರೀಯ ಸ್ಪರ್ಧಿಗಳ ಆರೋಗ್ಯ ತಪಾಸಣೆಗೆ ನಿಯಮಗಳೂ ಬಂದಿವೆ. ಬಂಡೆಯಿಂದ ಬೀಳುವುದು ಕಣ್ಣಿಗೆ ಕಾಣುವ ಅಪಾಯ. ಇದು ಕಾಣದ ಅಪಾಯ. ರಜೆಗೆ ಬಂದಾಗ ಮಗಳು ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಾಳೆಯೇ ಎಂಬುದನ್ನು, ಅವಳೆಷ್ಟು ಎತ್ತರ ಹತ್ತಿದಳೆಂಬುದಕ್ಕಿಂತ ಹೆಚ್ಚು ಗಮನವಿಟ್ಟು ನೋಡಿರಿ.

ಸೋದರಿ, ತಮ್ಮ ಕಟ್ಟಪ್ಪಣೆ ಪ್ರೀತಿಯಿಂದ ಬಂದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಿಂದ ಆದದ್ದೇನು? ಮಗಳು ಮೊದಲು ಕಲ್ಲು ಹತ್ತುತ್ತಿದ್ದಳು, ತಮಗೆ ತಿಳಿಸುತ್ತಿದ್ದಳು. ಈಗ ಹತ್ತುತ್ತಿದ್ದರೆ ತಿಳಿಸದೆ ಹತ್ತುತ್ತಿದ್ದಾಳೆ. ನಾಳೆ ಅವಳ ಕಾಲು ಉಳುಕಿದರೆ ಮೊದಲ ಫೋನು ಯಾರಿಗೆ ಬರಬೇಕು? ತಮಗೆ ತಾನೆ? ಆ ದಾರಿಯನ್ನು ಮುಚ್ಚಬೇಡಿರಿ. ಹತ್ತೊಂಬತ್ತರ ಹುಡುಗಿ ತನ್ನ ಸಂತೋಷದ ಚಿತ್ರಗಳನ್ನು ತಾನಾಗಿಯೇ ಅಜ್ಜಿಯವರೆಗೂ ಕಳುಹಿಸಿದಳೆಂದರೆ ಆ ಮನೆಯ ಮೇಲೆ ಅವಳಿಗಿದ್ದ ವಿಶ್ವಾಸ ದೊಡ್ಡದು.

ಅಪ್ಪಣೆಯನ್ನು ಹಿಂತೆಗೆದುಕೊಳ್ಳಿರಿ, ಬದಲಿಗೆ ಮೇಲಿನ ಪ್ರಶ್ನೆಗಳನ್ನು ಇಡಿರಿ. ಸಾಧ್ಯವಾದರೆ ಮುಂದಿನ ಸ್ಪರ್ಧೆಗೆ ತಾವೇ ಬೆಂಗಳೂರಿಗೆ ಹೋಗಿ ಕುಳಿತು ನೋಡಿರಿ. ಕುಂದಾಪುರದ ದೊಡ್ಡಪ್ಪನವರನ್ನೂ ಕರೆದೊಯ್ಯಿರಿ. ಮಗಳು ಬೀಳುವುದನ್ನೂ, ಎದುರಾಳಿಯೇ ಕೈಕೊಟ್ಟು ಎಬ್ಬಿಸುವುದನ್ನೂ ಕಣ್ಣಾರೆ ಕಾಣಿರಿ. ಆಮೇಲೆಯೂ ಬೇಡವೆನಿಸಿದರೆ ಹಾಗೆಂದು ಅವಳ ಮುಖ ನೋಡಿ ಹೇಳಿರಿ. ಆಗ ಅವಳು ಒಪ್ಪದಿದ್ದರೂ ಕೇಳುತ್ತಾಳೆ. ಹೋಗುವಾಗ ಬೈಂದೂರಿನ ಅಜ್ಜಿಯಿಂದ ಒಂದು ಡಬ್ಬಿ ಉಂಡೆ ಮಾಡಿಸಿಕೊಂಡು ಹೋಗಲು ಮಾತ್ರ ಮರೆಯಬೇಡಿರಿ. ಗೆಳತಿಯರಿಗೂ ಸಾಲುವಷ್ಟು ಇರಲಿ.